ರೋಸ್‌ಮೇರಿಯನ್ನು ಪುಟ್ಟ ಮರ ಮಾಡಬೇಕು, ನಮ್ಮ ಮಳೆಗಾಲ ದಾಟಿಸೋದು ಹೇಗೆ?

ಮಂಡಗದ್ದೆ ಹಿತ್ತಿಲು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಂಡಗದ್ದೆ ಹತ್ತಿರ, ಸುತ್ತ ಅಡಿಕೆ ತೋಟ. ಮೂರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಚಿಕ್ಕಮ್ಮನ ಮಗಳ ಮನೆಗೆ ಹೋಗಿದ್ದಾಗ ಟೆರೇಸ್ ಮೇಲೆ ಒಂದು ರೋಸ್‌ಮೇರಿ ನೋಡಿದೆ. ಗಿಡ ಅನ್ನೋದಕ್ಕಿಂತ ಪುಟ್ಟ ಮರ. ಒಂದೂವರೆ ಅಡಿ ನೆಟ್ಟಗಿನ ಕಾಂಡ, ತುದಿಯಲ್ಲಿ ಮಾತ್ರ ಗುಂಡಗಿನ ತಲೆ. ತೊಗಟೆ ಸೀಳು ಸೀಳಾಗಿ ಎದ್ದು ಎಷ್ಟೋ ಕಾಲದ ಮರದ ಹಾಗೆ ಕಾಣುತ್ತಿತ್ತು. ಅವಳು ಕತ್ತರಿ ತಂದು ಎರಡು ಕುಡಿ ಕತ್ತರಿಸಿ ಆಲೂಗಡ್ಡೆ ಹುರಿಯುತ್ತಿದ್ದ ಬಾಣಲೆಗೆ ಹಾಕಿದಳು. ಆ ಘಮ ಇನ್ನೂ ಮೂಗಲ್ಲಿದೆ. ನಮ್ಮ ಜಗಲಿ ಮೇಲೂ ಅಂಥದ್ದೊಂದು ಇರಬೇಕು ಅಂತ ಆವತ್ತಿಂದ ಆಸೆ.

ಎರಡು ಸಲ ಗಿಡ ತಂದೆ. ಎರಡೂ ಸಲ ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು. ಆರಿದ್ರಾ ಮಳೆ ಹಿಡಿದ ಮೇಲೆ ಕೆಳಗಿನ ಎಲೆ ಕಪ್ಪಾಯಿತು, ಪುನರ್ವಸು ಮುಗಿಯುವಷ್ಟರಲ್ಲಿ ಇಡೀ ಗಿಡ ಬೂದಿ ಬಣ್ಣಕ್ಕೆ ತಿರುಗಿ ಒಣಗಿಹೋಯಿತು. ಇಷ್ಟು ನೀರು ಇದ್ದೂ ಒಣಗಿದ್ದು ಯಾಕೆ ಅಂತ ಎರಡನೇ ಸಲ ಕಿತ್ತು ನೋಡಿದೆ. ಬೇರೆಲ್ಲ ಕಂದು ಬಣ್ಣ, ಕೆಟ್ಟ ವಾಸನೆ. ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬಂತು, ಒಳಗೆ ದಾರದಂಥ ಎಳೆ ಮಾತ್ರ ಉಳಿಯಿತು. ನಡುವೆ ನರ್ಸರಿಯವರು ಹಾಕಿದ್ದ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿಯ ಮುದ್ದೆ ಹಾಗೇ ಇತ್ತು. ಹಿಂಡಿದರೆ ನೀರು ಸುರಿಯಿತು.

ದೀಪಾವಳಿ ಕಳೆದ ಮೇಲೆ ಮೂರನೇ ಗಿಡ ತಂದಿದ್ದೇನೆ. ಒಂದು ಗೇಣು ಎತ್ತರ, ಬುಡದಿಂದಲೇ ಐದಾರು ಕವಲು. ಇದನ್ನು ಕಳೆದುಕೊಳ್ಳೋಕೆ ಮನಸ್ಸಿಲ್ಲ. ನಮ್ಮ ಕಡೆ ಇದು ಬದುಕುತ್ತದಾ, ಅಥವಾ ಸುಮ್ನೆ ಹಟ ಮಾಡುತ್ತಿದ್ದೇನಾ? ಬದುಕುತ್ತದೆ ಅಂದರೆ ಮರದ ಆಕಾರ ಬರೋಕೆ ಈಗಿಂದಲೇ ಏನು ಮಾಡಬೇಕು? ಮಲೆನಾಡಲ್ಲೇ ಬೆಳೆಸಿದವರು ಹೇಳಿದರೆ ಜಾಸ್ತಿ ಉಪಯೋಗ. ನೆಟ್‌ನಲ್ಲಿ ಸಿಗೋದೆಲ್ಲ ಚಳಿದೇಶದವರ ಮಾತು, ಹಿಮ ಬಿದ್ದಾಗ ಒಳಗಿಡಿ ಅಂತಾರೆ.

ಜಗಲಿಕಟ್ಟೆ, ತೀರ್ಥಹಳ್ಳಿ

ಬದುಕುತ್ತದೆ. ನಮ್ಮ ಮನೆಯಲ್ಲಿ ಒಂದು ಐದು ಮಳೆಗಾಲ ದಾಟಿದೆ. ಆದರೆ ಮೊದಲು ಒಂದು ವಿಷಯ ಮನಸ್ಸಿಗೆ ಬರಬೇಕು. ಇದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಕಲ್ಲು ಗುಡ್ಡದ ಗಿಡ. ಅಲ್ಲಿ ಮಳೆ ಬೀಳೋದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ನಮ್ಮಲ್ಲಿ ಅದು ಉಲ್ಟಾ. ಬೆಚ್ಚಗಿನ ಹವೆಯಲ್ಲೇ ತಿಂಗಳುಗಟ್ಟಲೆ ಜಡಿಮಳೆ. ಬೆಚ್ಚಗೆ ಮತ್ತು ಒದ್ದೆ ಎರಡೂ ಒಟ್ಟಿಗೆ ಸೇರಿದರೆ ಬೇರು ಕೊಳೆಸೋ ರೋಗಾಣುಗಳಿಗೆ ಹಬ್ಬ. ನಿಮ್ಮ ತೋಟದ ಅಡಿಕೆಗೆ ಕೊಳೆರೋಗ ತರುತ್ತದಲ್ಲ ಫೈಟಾಫ್ತೊರಾ, ರೋಸ್‌ಮೇರಿ ಬೇರು ಕೊಳೆಸುವವುಗಳಲ್ಲಿ ಅದೇ ಕುಲದ್ದೂ ಇದೆ, ಜಾತಿ ಮಾತ್ರ ಬೇರೆ. ಬೇರು ಕೊಳೆತ ಮೇಲೆ ನೀರು ಎಳೆಯೋಕೆ ಆಗಲ್ಲ, ಅದಕ್ಕೇ ನೀರಲ್ಲಿ ನಿಂತೂ ಒಣಗಿದ್ದು. ಹಾಗಂತ ಅಡಿಕೆಗೆ ಹೊಡೆಯೋ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಇದಕ್ಕೂ ಹೊಡೆಯೋಕೆ ಹೋಗಬೇಡಿ, ತಿನ್ನೋ ಎಲೆ ಅದು.

ಮೊದಲ ಕೆಲಸ, ಈಗಲೇ ಆ ಕೋಕೋಪೀಟ್ ಮುದ್ದೆ ತೆಗೆಯಿರಿ. ಮಳೆ ಇಲ್ಲ, ಬಿಸಿಲೂ ಸುಡುತ್ತಿಲ್ಲ, ಇದಕ್ಕಿಂತ ಒಳ್ಳೆ ಕಾಲ ಸಿಗಲ್ಲ. ಗಿಡವನ್ನು ಒಂದು ಬಕೆಟ್ ನೀರಲ್ಲಿ ಅರ್ಧ ಗಂಟೆ ಇಟ್ಟು ಬೆರಳಲ್ಲಿ ಮೆಲ್ಲಗೆ ಬಿಡಿಸಿದರೆ ಪುಡಿ ಬಿಟ್ಟುಕೊಳ್ಳುತ್ತದೆ. ಬೇರು ಹರಿಯುತ್ತದೆ ಅನ್ನಿಸಿದರೆ ಅಲ್ಲಿಗೆ ನಿಲ್ಲಿಸಿ, ಉಳಿದದ್ದು ಇರಲಿ. ರೋಸ್‌ಮೇರಿ ಬೇರಿಗೆ ಜಾಸ್ತಿ ಕೈ ಹಾಕಿದರೆ ಮುನಿಸಿಕೊಳ್ಳುತ್ತದೆ.

ಮಣ್ಣು ಹೇಗೆ ಅಂದರೆ, ನಾನು ಹಾಕೋದು ಅರ್ಧಕ್ಕರ್ಧ ಜಂಬಿಟ್ಟಿಗೆ ಚೂರು. ಕಲ್ಲು ಕೆತ್ತುವಲ್ಲಿ ಬಿದ್ದಿರುತ್ತದಲ್ಲ, ಅದನ್ನು ತಂದು ಜರಡಿ ಹಿಡಿದು ಪುಡಿ ಬಿಸಾಕಿ ಕಡಲೆ ಕಾಳಿನ ಗಾತ್ರದ್ದು ಮಾತ್ರ ಇಟ್ಟುಕೊಳ್ಳುತ್ತೇನೆ. ಕಾಲು ಭಾಗ ದಪ್ಪ ಮರಳು. ಉಳಿದ ಕಾಲು ಭಾಗ ಹಿತ್ತಿಲ ಮಣ್ಣು ಮತ್ತು ಚೆನ್ನಾಗಿ ಕಳಿತ ಗೊಬ್ಬರ. ಕೊಟ್ಟಿಗೆ ಗೊಬ್ಬರ ಜಾಸ್ತಿ ಹಾಕಬೇಡಿ, ಗಿಡ ಕೊಬ್ಬಿ ಉದ್ದುದ್ದ ಬೆಳೆಯುತ್ತದೆ, ಘಮ ಕಮ್ಮಿಯಾಗುತ್ತದೆ. ನಮ್ಮ ಮಣ್ಣು ಹುಳಿ ಮಣ್ಣು, ಈ ಗಿಡಕ್ಕೆ ಅದು ಅಷ್ಟಾಗಿ ಹಿಡಿಸಲ್ಲ. ತೋಟಕ್ಕೆ ಹಾಕೋ ಸುಣ್ಣ ಮನೆಯಲ್ಲಿ ಇದ್ದೇ ಇರುತ್ತದೆ, ಎಂಟು ಇಂಚಿನ ಕುಂಡಕ್ಕೆ ಒಂದು ಟೀ ಚಮಚ ಬೆರೆಸಿದರೆ ಸಾಕು. ಕುಂಡ ಮಣ್ಣಿನದೇ ಇರಲಿ, ಪ್ಲಾಸ್ಟಿಕ್ ಬೇಡ. ಮೇಲಿಂದ ಸುರಿದ ನೀರು ಒಂದೆರಡು ಕ್ಷಣದಲ್ಲಿ ಕೆಳಗಿನ ತೂತಿಂದ ಬರಬೇಕು. ಬರದೇ ನಿಂತರೆ ಮಣ್ಣು ಸರಿಯಿಲ್ಲ ಅಂತಲೇ ಅರ್ಥ, ಮತ್ತೆ ಬಿಚ್ಚಿ ಕಲಸಿ. ತಳಕ್ಕೆ ತಟ್ಟೆ ಇಡಲೇಬೇಡಿ. ಎರಡು ಹೆಂಚಿನ ಚೂರು ಕೊಟ್ಟು ನೆಲದಿಂದ ಎತ್ತಿಡಿ.

ಮಳೆಗಾಲಕ್ಕೆ ಜಾಗ ಮುಖ್ಯ. ಗಾಳಿಮಳೆ ಬಡಿಯೋದು ಪಡುವಣದಿಂದ. ನಾವು ಪಶ್ಚಿಮದ ಕಡೆಗೆ ಸೋಗೆ ತಟ್ಟಿ ಕಟ್ಟೋದೂ ಅದಕ್ಕೇ ಅಲ್ವಾ. ಗಿಡ ಇರಬೇಕಾದ್ದು ಮೂಡಣ ಜಗಲಿಯಲ್ಲಿ, ಮಾಡಿನ ನೀರು ಸಿಡಿಯದಷ್ಟು ಒಳಗೆ. ಅಡಿಕೆ ಒಣಗಿಸೋ ಪಾಲಿಹೌಸ್ ಇದ್ದರೆ ಇನ್ನೂ ಒಳ್ಳೇದು. ಮಳೆಗಾಲದಲ್ಲಿ ಅದು ಖಾಲಿಯೇ ಇರುತ್ತದೆ, ಬೆಳಕು ಬೇಕಾದಷ್ಟು, ಮಳೆ ಒಂದು ಹನಿ ಬೀಳಲ್ಲ. ಎರಡೂ ಕಡೆ ಬಾಗಿಲು ತೆಗೆದಿಡಿ, ಗಾಳಿ ಆಡದಿದ್ದರೆ ಎಲೆ ಮೇಲೆ ಬೂದಿ ರೋಗ ಬರುತ್ತದೆ.

ನೀರು ಕೊಡೋ ಲೆಕ್ಕ ದಿನದಿಂದ ಹಿಡಿಯಬೇಡಿ. ಕುಂಡ ಎತ್ತಿ ನೋಡಿ. ನೀರು ಹಾಕಿದ ದಿನದ ಭಾರ ಕೈಗೆ ಗೊತ್ತಿರುತ್ತದೆ, ಅದು ಇಳಿದು ಹಗುರ ಅನ್ನಿಸಿದಾಗ ಹಾಕಿ. ಜುಲೈನಲ್ಲಿ ನಾನು ಹತ್ತು ಹನ್ನೆರಡು ದಿನಕ್ಕೆ ಒಮ್ಮೆ ಕೊಟ್ಟದ್ದೂ ಇದೆ. ಮಾರ್ಚ್ ಏಪ್ರಿಲ್‌ನಲ್ಲಿ ಮಾತ್ರ ಮರೆಯಬೇಡಿ. ಇದು ಬೇರೆ ಗಿಡದ ಹಾಗೆ ಎಲೆ ಬಾಡಿಸಿ ಬಾಯಾರಿಕೆ ಹೇಳಲ್ಲ, ಗೊತ್ತಾಗುವಷ್ಟರಲ್ಲಿ ಗರಿಗರಿ ಒಣಗಿರುತ್ತದೆ.

ಕುಂಡದ ಮರ, ಶಿವಮೊಗ್ಗ

ಮೇಲಿನವರು ಬೇರಿನ ವಿಷಯ ಹೇಳಿದ್ದಾರೆ, ನಾನು ಆಕಾರದ ವಿಷಯ ಹೇಳುತ್ತೇನೆ. ಪೇಟೆಯಲ್ಲಿ ನಿಮ್ಮಷ್ಟು ಮಳೆ ಇಲ್ಲ, ಆ ಅನುಕೂಲ ನನಗಿದೆ.

ಮೇಡಂ, ನಿಮಗೆ ಬೇಕಾದ ಒಂಟಿ ಕಾಂಡದ ಗುಂಡು ಮರ ನೀವು ತಂದ ಗಿಡದಿಂದ ಆಗೋದು ಕಷ್ಟ. ಬುಡದಿಂದಲೇ ಐದಾರು ಕವಲು ಬಂದಿದೆ ಅಂದಿರಿ. ಅದರಲ್ಲಿ ಒಂದನ್ನು ಉಳಿಸಿ ಬಾಕಿ ಕತ್ತರಿಸಿದರೆ ಸೊಟ್ಟ ಕಾಂಡವೇ ಸಿಗೋದು. ಅದರ ಬದಲು ಆ ಗಿಡವನ್ನು ತಾಯಿಗಿಡ ಮಾಡಿಕೊಳ್ಳಿ. ಅದರ ಕಡ್ಡಿ ನೆಟ್ಟು ಮೊದಲಿಂದ ನೆಟ್ಟಗೆ ಬೆಳೆಸಿ. ಬೀಜ ಬೇಡ, ಹುಟ್ಟೋದು ಕಮ್ಮಿ, ಬೆಳೆಯೋದು ಇನ್ನೂ ನಿಧಾನ.

ಹೂ ಬಿಡದ ಕುಡಿ ನೋಡಿ 10-12 ಸೆಂಟಿಮೀಟರ್ ಉದ್ದದ ಎಂಟು ಕಡ್ಡಿ ಕತ್ತರಿಸಿ. ಪೂರ್ತಿ ಎಳಸೂ ಅಲ್ಲ, ಗಟ್ಟಿ ಕಟ್ಟಿಗೆಯೂ ಅಲ್ಲ, ಬಗ್ಗಿಸಿದರೆ ಬಗ್ಗಿ ಮತ್ತೆ ನೆಟ್ಟಗಾಗಬೇಕು. ಕೆಳಗಿನ ಅರ್ಧ ಎಲೆ ಸವರಿ ತೆಗೆದು ಒದ್ದೆ ಮರಳಿಗೆ ಚುಚ್ಚಿ ನೆರಳಲ್ಲಿಡಿ. ನಾಲ್ಕರಿಂದ ಎಂಟು ವಾರದಲ್ಲಿ ಬೇರು ಬಿಡುತ್ತದೆ. ಎಂಟರಲ್ಲಿ ನಾಲ್ಕು ಹಿಡಿದರೂ ಲಾಭವೇ. ಅದರಲ್ಲಿ ಬಾಣದ ಹಾಗೆ ನೆಟ್ಟಗೆ ಏಳೋದನ್ನು ಆರಿಸಿಕೊಳ್ಳಿ.

ಆ ಸಸಿಯ ಪಕ್ಕ ಒಂದು ಬಿದಿರು ಕಡ್ಡಿ ನೆಟ್ಟು, ಎರಡು ಬೆರಳಿಗೊಂದು ಕಟ್ಟು ಹಾಕುತ್ತಾ ಹೋಗಿ. ಪಕ್ಕಕ್ಕೆ ಬರೋ ಚಿಗುರು ಅರ್ಧ ಇಂಚು ಇರುವಾಗಲೇ ಉಗುರಿಂದ ಚಿವುಟಿ. ಆದರೆ ಕಾಂಡಕ್ಕೆ ಅಂಟಿಕೊಂಡಿರೋ ಎಲೆ ಮುಟ್ಟಬೇಡಿ! ಎಲ್ಲರೂ ತಪ್ಪೋದು ಇಲ್ಲೇ. ಮರದ ಹಾಗೆ ಬೇಗ ಕಾಣಲಿ ಅಂತ ಕಾಂಡದ ಎಲೆ ಸವರಿಬಿಡುತ್ತಾರೆ, ಆಮೇಲೆ ಕಾಂಡ ಪೆನ್ಸಿಲ್ ಗಾತ್ರಕ್ಕೂ ಬರದೆ ತಲೆ ಭಾರಕ್ಕೆ ಬಗ್ಗುತ್ತದೆ. ಆ ಎಲೆಗಳೇ ಕಾಂಡಕ್ಕೆ ಊಟ ಹಾಕೋದು. ತಲೆ ತುಂಬಿಕೊಂಡ ಮೇಲೆ ಸವರಿದರೆ ಸಾಕು.

ನಿಮಗೆ ಬೇಕಾದ ಎತ್ತರ ಮುಟ್ಟಿದಾಗ ತುದಿ ಚಿವುಟಿ. ತುದಿ ಹೋದ ತಕ್ಷಣ ಅದರ ಕೆಳಗಿನ ಐದಾರು ಚಿಗುರು ಎಚ್ಚರ ಆಗುತ್ತವೆ. ಅವು ನಾಲ್ಕು ಬೆರಳು ಉದ್ದ ಬಂದಾಗ ಅವುಗಳ ತುದಿ ಚಿವುಟಿ. ಅದರಿಂದ ಬಂದದ್ದನ್ನು ಮತ್ತೆ. ಹೀಗೇ ಗುಂಡಗಾಗುತ್ತದೆ. ಚಿವುಟಿದ್ದೆಲ್ಲ ಅಡುಗೆಮನೆಗೆ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿಡಿ, ಇಲ್ಲದಿದ್ದರೆ ತಲೆ ಬೆಳಕಿನ ಕಡೆಗೇ ವಾಲುತ್ತದೆ. ಎರಡರಿಂದ ಮೂರು ವರ್ಷ ಬೇಕು. ಅವಸರ ಬೇಡ.

ಒಂದು ಎಚ್ಚರಿಕೆ. ಎಲೆ ಇಲ್ಲದ ಹಳೇ ಕಟ್ಟಿಗೆ ತನಕ ಕತ್ತರಿ ಹಾಕಬೇಡಿ. ದಾಸವಾಳ ಬೋಳು ಮಾಡಿದರೂ ಚಿಗುರುತ್ತದೆ, ರೋಸ್‌ಮೇರಿ ಸಾಮಾನ್ಯವಾಗಿ ಚಿಗುರಲ್ಲ. ಕತ್ತರಿಸಿದ ಜಾಗದ ಕೆಳಗೆ ಹಸಿರು ಉಳಿದಿರಲೇಬೇಕು.

ತಾಯಿಗಿಡವನ್ನು ಬಿಸಾಕಬೇಡಿ. ಬುಡದಿಂದ ಐದು ಕಾಂಡ ಬಂದದ್ದು ಬೋನ್ಸಾಯ್ ಮಾಡೋರಿಗೆ ವರ. ಅಗಲ ಕುಂಡಕ್ಕೆ ಹಾಕಿ ತಂತಿ ಸುತ್ತಿ ಒಂದೊಂದನ್ನು ಒಂದೊಂದು ಕಡೆ ಬಗ್ಗಿಸಿದರೆ ಗುಡ್ಡದ ಮೇಲಿನ ಸಣ್ಣ ಕಾಡಿನ ಹಾಗೆ ಕಾಣುತ್ತದೆ. ಎರಡು ಮಿಲಿಮೀಟರ್ ಅಲ್ಯೂಮಿನಿಯಂ ತಂತಿ ಸಾಕು.

ಆಗುಂಬೆ ಕಡೆಯವನು

ತಂತಿ ವಿಷಯ ನನಗೆ ಒಪ್ಪಿಗೆ ಇಲ್ಲ ಸರ್. ಎಳೇ ಹಸಿರು ಕಡ್ಡಿಗೆ ಸರಿ. ಎರಡು ವರ್ಷ ದಾಟಿದ ಕಟ್ಟಿಗೆ ಬಗ್ಗಲ್ಲ, ಪಟ್ ಅಂತ ಮುರಿಯುತ್ತದೆ. ನನ್ನದು ಹಾಗೇ ಮುರಿಯಿತು, ಅದೂ ಚೆನ್ನಾಗಿ ದಪ್ಪ ಬಂದಿದ್ದ ಕೊಂಬೆ, ಮೂರು ವರ್ಷದ ಕೆಲಸ ಒಂದು ಕ್ಷಣದಲ್ಲಿ ಹೋಯಿತು. ನಮ್ಮ ಕಡೆಗೆ ಇನ್ನೊಂದು ತೊಂದರೆ ಇದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ ಬೀಳುತ್ತದೆ. ಗಿಡ ಒಳಗಿದ್ದರೂ ಹವೆಯೇ ಒದ್ದೆ, ಬಟ್ಟೆ ವಾರವಾದರೂ ಒಣಗಲ್ಲ. ತಂತಿ ಮತ್ತು ತೊಗಟೆ ನಡುವೆ ಪಸೆ ನಿಂತು ಅಲ್ಲೇ ಕಪ್ಪಾಗುತ್ತದೆ.

ನಾನು ಈಗ ಮಾಡೋದು ಸುಲಭ. ಬಾಳೆಪಟ್ಟೆ ಸೀಳಿ ನಾರು ತೆಗೆದು ಕೊಂಬೆಗೆ ಸಡಿಲ ಕುಣಿಕೆ ಹಾಕಿ, ಇನ್ನೊಂದು ತುದಿಯನ್ನು ಕುಂಡದ ಅಂಚಿಗೆ ಎಳೆದು ಕಟ್ಟುತ್ತೇನೆ. ಹದಿನೈದು ದಿನಕ್ಕೊಮ್ಮೆ ಒಂದು ಚೂರು ಬಿಗಿ ಮಾಡುತ್ತೇನೆ. ಕಾಳುಮೆಣಸಿನ ಬಳ್ಳಿ ಕಟ್ಟಿ ಅಭ್ಯಾಸ ಇರೋ ಕೈಗೆ ಇದು ಹೇಳಿಕೊಡಬೇಕಾಗಿಲ್ಲ. ನಾರು ಮೂರು ತಿಂಗಳಲ್ಲಿ ತಾನೇ ಜೀರ್ಣ ಆಗುತ್ತದೆ, ಅಷ್ಟರಲ್ಲಿ ಕೊಂಬೆ ಆ ಕಡೆಗೆ ನಿಂತಿರುತ್ತದೆ. ತೊಗಟೆಗೆ ಗಾಯ ಇಲ್ಲ.

ಇನ್ನೊಂದು ಮಾತು, ಗಿಡ ಕೊಳ್ಳುವಾಗ ಜಾತಿ ನೋಡಿ. ಕೆಲವು ನೆಟ್ಟಗೆ ಏಳುತ್ತವೆ, ಕೆಲವು ನೆಲಕ್ಕೆ ಹರಡುತ್ತವೆ. ಹರಡೋ ಜಾತಿಯನ್ನು ಎಷ್ಟು ಕಟ್ಟಿದರೂ ಮರ ಆಗಲ್ಲ, ಅದನ್ನು ಎತ್ತರದ ಕುಂಡದಿಂದ ಕೆಳಗೆ ಇಳಿಬಿಟ್ಟರೆ ಚಂದ. ಟಸ್ಕನ್ ಬ್ಲೂ ಅಂತ ಚೀಟಿ ಇದ್ದರೆ ಅದು ನೆಟ್ಟಗೆ ಬೆಳೆಯೋದು. ಚೀಟಿಯಲ್ಲಿ ಒಂದು ಕಡೆ ರೋಸ್ಮರಿನಸ್ ಅಫಿಸಿನಾಲಿಸ್, ಇನ್ನೊಂದು ಕಡೆ ಸಾಲ್ವಿಯಾ ರೋಸ್ಮರಿನಸ್ ಅಂತ ಇದ್ದರೆ ಗೊಂದಲ ಬೇಡ, ಎರಡೂ ಒಂದೇ ಗಿಡ. 2017ರಲ್ಲಿ ಅದನ್ನು ಸಾಲ್ವಿಯಾ, ಅಂದರೆ ಸೇಜ್ ಗಿಡದ ಕುಲಕ್ಕೆ ಸೇರಿಸಿದರು.

ಕುಂಡದ ಮರ, ಶಿವಮೊಗ್ಗ

ಹಳೇ ಕಟ್ಟಿಗೆ ಮುರಿಯೋದು ನಿಜ, ನಾನು ಅದನ್ನು ಬಿಡಿಸಿ ಹೇಳಬೇಕಿತ್ತು. ಒಂದು ವರ್ಷದೊಳಗಿನ ಕಡ್ಡಿಗೆ ಮಾತ್ರ ತಂತಿ. ಎರಡು ಮೂರು ವಾರಕ್ಕೊಮ್ಮೆ ನೋಡುತ್ತಿರಬೇಕು, ತೊಗಟೆಗೆ ಕಚ್ಚೋಕೆ ಶುರುವಾದರೆ ಬಿಚ್ಚದೆ ಕಟ್ಟರ್‌ನಿಂದ ತುಂಡು ತುಂಡು ಮಾಡಿ ತೆಗೆಯಬೇಕು. ಮಳೆಗಾಲಕ್ಕೆ ಮುಂಚೆ ತಂತಿ ತೆಗೆದರೆ ಪಸೆಯ ತೊಂದರೆಯೂ ಇಲ್ಲ. ನಾರಿನ ಉಪಾಯ ಚೆನ್ನಾಗಿದೆ, ಮಾಡಿ ನೋಡುತ್ತೇನೆ.

ಸಾಗರದ ಶಾಂತಕ್ಕ

ತಂಗಿ, ರೋಸ್‌ಮೇರಿ ಬೆಳೆಸು, ಬೇಡ ಅನ್ನಲ್ಲ. ಆದರೆ ದಿನಾ ಒಗ್ಗರಣೆಗೆ ಬೇಕಾಗೋ ಕರಿಬೇವನ್ನೇ ಯಾಕೆ ಕುಂಡದಲ್ಲಿ ಪುಟ್ಟ ಮರ ಮಾಡಬಾರದು? ನಮ್ಮ ಮನೆ ಬಾವಿಕಟ್ಟೆ ಹತ್ತಿರ ಎರಡಿವೆ, ಎದೆಮಟ್ಟದ ಎತ್ತರ, ಕೊಡೆಯ ಹಾಗೆ ತಲೆ. ಮಳೆಯಲ್ಲೇ ನಿಂತಿರುತ್ತವೆ, ಏನೂ ಆಗಲ್ಲ, ತಳದಲ್ಲಿ ನೀರು ನಿಲ್ಲದಿದ್ದರೆ ಸಾಕು.

ಹಣ್ಣು ಕಪ್ಪಾದಾಗ ಕೊಯ್ದು ಸಿಪ್ಪೆ ತಿರುಳು ತೊಳೆದು ಅವತ್ತೇ ಹಾಕಬೇಕು. ಒಣಗಿಸಿ ಎತ್ತಿಟ್ಟ ಬೀಜ ಹುಟ್ಟಲ್ಲ. ಇಲ್ಲದಿದ್ದರೆ ದೊಡ್ಡ ಮರದ ಬೇರಿಂದ ಏಳೋ ಮರಿ ಬೇರು ಸಮೇತ ಕಿತ್ತು ತಂದರೂ ಆಯಿತು. ಮೊಣಕಾಲೆತ್ತರ ಬಂದಾಗ ತುದಿ ಕತ್ತರಿಸು, ಕವಲೊಡೆಯುತ್ತದೆ. ಆಮೇಲೆ ಬುಡದಲ್ಲಿ ಮರಿ ಏಳೋಕೆ ಬಿಡಬೇಡ, ಅದು ಎದ್ದರೆ ಮೇಲಿನ ತಲೆ ಸೊರಗುತ್ತದೆ. ಅಡುಗೆಗೆ ಕೊಯ್ಯುವಾಗ ಅಲ್ಲೊಂದು ಇಲ್ಲೊಂದು ಎಲೆ ಕೀಳಬೇಡ. ಕುಡಿಯ ಸಮೇತ ಒಂದು ಗೇಣು ಮುರಿ. ಮುರಿದಲ್ಲಿ ಎರಡು ಮೂರು ಚಿಗುರು ಬರುತ್ತದೆ. ನಮ್ಮ ಮನೆಯಲ್ಲಿ ಗಿಡಕ್ಕೆ ಆಕಾರ ಕೊಟ್ಟದ್ದು ಕತ್ತರಿ ಅಲ್ಲ, ದಿನದ ಸಾರು ಹುಳಿಯೇ.

ಚಳಿಗಾಲದಲ್ಲಿ ಎಲೆ ಹಳದಿಯಾಗಿ ಉದುರಿದರೆ ಹೆದರಬೇಡ, ಶಿವರಾತ್ರಿ ಕಳೆದ ಮೇಲೆ ಚಿಗುರುತ್ತದೆ. ಆ ಚಿಗುರಿಗೆ ಕಂಬಳಿಹುಳ ಅಲ್ಲದ ಒಂದು ಹುಳ ಬರುತ್ತದೆ. ಸಣ್ಣದಿರುವಾಗ ಹಕ್ಕಿ ಹಿಕ್ಕೆಯ ಹಾಗೇ ಕಾಣುತ್ತದೆ, ಕಂದು ಬಿಳುಪು. ದೊಡ್ಡದಾದ ಮೇಲೆ ಎಲೆಯದೇ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲಿನ ನಾಲಿಗೆಯಂಥದ್ದು ಹೊರಗೆ ಚಾಚುತ್ತದೆ, ಒಂಥರಾ ನಾತ. ಅದು ಬಾಲದ ಚಿಟ್ಟೆಯ ಮರಿ, ಕಪ್ಪು ರೆಕ್ಕೆ ಮೇಲೆ ಬಿಳಿ ಚುಕ್ಕೆ ಸಾಲು ಇರೋ ಚಿಟ್ಟೆ. ಗಿಡ ಸಣ್ಣದಿದ್ದರೆ ಎರಡು ದಿನದಲ್ಲಿ ಬೋಳು ಮಾಡುತ್ತದೆ. ನಾನು ಕೊಲ್ಲಲ್ಲ. ಎಲೆ ಸಮೇತ ತೆಗೆದು ಹಿತ್ತಿಲ ನಿಂಬೆ ಗಿಡಕ್ಕೆ ಬಿಡುತ್ತೇನೆ, ಅದನ್ನೂ ತಿನ್ನುತ್ತದೆ.

ದೊಡ್ಡಪತ್ರೆಯನ್ನು ಮರ ಮಾಡೋಕೆ ಮಾತ್ರ ಹೋಗಬೇಡ. ತಂಬುಳಿಗೆ ಎಷ್ಟು ಬೇಕಾದರೂ ಬೆಳೆಯುತ್ತದೆ, ಆದರೆ ಕಾಂಡ ನೀರು ತುಂಬಿದ ಮೆತ್ತನೆ ಕಾಂಡ, ತಲೆ ಭಾರ ಆದ ಕೂಡಲೇ ಅಡ್ಡ ಬೀಳುತ್ತದೆ.

ಮಂಡಗದ್ದೆ ಹಿತ್ತಿಲು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶಾಂತಕ್ಕ, ಕರಿಬೇವಿನ ಮರಿ ಪಕ್ಕದ ಮನೆಯಿಂದ ತಂದು ನೆಟ್ಟೆ. ಕೋಕೋಪೀಟ್ ತೆಗೆಯೋಕೆ ಒಂದು ಗಂಟೆ ಹಿಡಿಯಿತು, ನಡುವಿನ ಸ್ವಲ್ಪ ಬಿಡಲಿಲ್ಲ, ಹಾಗೇ ಇಟ್ಟೆ. ಎಂಟು ಕಡ್ಡಿ ಮರಳಿಗೆ ಚುಚ್ಚಿದ್ದೇನೆ. ಜಂಬಿಟ್ಟಿಗೆ ಚೂರಿನ ಬದಲು ಹಳೇ ಹೆಂಚು ಕುಟ್ಟಿ ಹಾಕಿದರೆ ನಡೆಯುತ್ತದಾ? ಕೊಟ್ಟಿಗೆ ಮಾಡು ರಿಪೇರಿ ಮಾಡಿದಾಗ ಒಡೆದ ಹೆಂಚು ರಾಶಿ ಉಳಿದಿದೆ.

ಜಗಲಿಕಟ್ಟೆ, ತೀರ್ಥಹಳ್ಳಿ

ಚೆನ್ನಾಗಿ ನಡೆಯುತ್ತದೆ. ಪುಡಿ ಮಾತ್ರ ಜರಡಿ ಹಿಡಿದು ತೆಗೆಯಿರಿ, ಅದೇ ಮಣ್ಣನ್ನು ಕಟ್ಟಿಸೋದು. ಪಾಚಿ ಹಿಡಿದ ಹೆಂಚಾದರೆ ತೊಳೆದು ಒಂದು ದಿನ ಬಿಸಿಲಿಗೆ ಹಾಕಿ ಆಮೇಲೆ ಕುಟ್ಟಿ.

ಮಂಡಗದ್ದೆ ಹಿತ್ತಿಲು

ಮತ್ತೆ ಬರೆಯುತ್ತಿದ್ದೇನೆ, ಈಗ ಆಗಸ್ಟ್. ಎಂಟು ಕಡ್ಡಿಯಲ್ಲಿ ಐದು ಹಿಡಿಯಿತು. ಎರಡನ್ನು ನೆಂಟರಿಗೆ ಕೊಟ್ಟೆ. ನೆಟ್ಟಗೆ ಎದ್ದ ಒಂದನ್ನು ಬಿದಿರು ಕಡ್ಡಿಗೆ ಕಟ್ಟಿದ್ದೇನೆ, ಈಗ ಒಂದು ಗೇಣು ಮೇಲೆ ನಾಲ್ಕು ಬೆರಳು ಇದೆ. ಕಾಂಡದ ಎಲೆ ಮುಟ್ಟಿಲ್ಲ. ಈ ಸಲ ಪುಷ್ಯ ಮಳೆ ಜೋರಾಗಿತ್ತು, ಒಂಬತ್ತು ದಿನ ಬಿಸಿಲೇ ಕಾಣಲಿಲ್ಲ. ಕುಂಡ ಎಲ್ಲ ಪಾಲಿಹೌಸ್‌ನಲ್ಲಿ ಅಡಿಕೆ ದಬ್ಬೆಯ ಅಟ್ಟ ಮಾಡಿ ಅದರ ಮೇಲಿಟ್ಟಿದ್ದೆ. ದಿನಾ ಸಂಜೆ ಹೋಗಿ ಒಂದೊಂದನ್ನು ಎತ್ತಿ ಭಾರ ನೋಡುತ್ತಿದ್ದೆ. ಜುಲೈ ಪೂರ್ತಿ ಮೂರು ಸಲ ನೀರು ಕೊಟ್ಟಿದ್ದು.

ತಾಯಿಗಿಡದ ಕೆಳಗಿನ ಹತ್ತಿಪ್ಪತ್ತು ಎಲೆ ಕಪ್ಪಾಗಿ ಉದುರಿತು, ಆಗ ಒಂದು ವಾರ ನಿದ್ದೆ ಬರಲಿಲ್ಲ. ಆಮೇಲೆ ನಿಂತಿತು. ನಿನ್ನೆ ತೂತಿನ ಹತ್ತಿರ ಒಂದು ಬೇರು ಹೊರಗೆ ಇಣುಕಿದ್ದು ಕಂಡೆ. ಬಿಳೀ ಬಣ್ಣ, ತುದಿ ಗಟ್ಟಿ. ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿದೆ, ಸಿಪ್ಪೆ ಜಾರಲಿಲ್ಲ.

ಶಾಂತಕ್ಕ, ಕರಿಬೇವಿಗೆ ನೀವು ಹೇಳಿದ ಹುಳ ಬಂದಿದೆ, ನಾಲ್ಕು. ನಮ್ಮಲ್ಲಿ ನಿಂಬೆ ಗಿಡ ಇಲ್ಲ, ಕಂಚಿ ಗಿಡ ಇದೆ. ಅದಕ್ಕೆ ಬಿಟ್ಟರೆ ತಿನ್ನುತ್ತವಾ?

ಸಾಗರದ ಶಾಂತಕ್ಕ

ತಿನ್ನುತ್ತವೆ ತಂಗಿ. ಎಳೇ ಎಲೆ ಇರೋ ಕೊಂಬೆ ನೋಡಿ ಬಿಡು, ಬಲಿತ ಎಲೆ ಸಣ್ಣ ಹುಳಕ್ಕೆ ಗಟ್ಟಿಯಾಗುತ್ತದೆ.